ಅ ಆ ಇ ಈ ತಾನೆ?

ಪ್ರತಿ ವರ್ಷ ಶಾಲೆ ಶುರುವಾಗುತ್ತಿದ್ದಂತೆ ತರಗತಿ ಹಂಚಿಕೆಯ ಸಭೆ ನಡೆಯುತ್ತದೆ. ಹತ್ತನೆಯ ತರಗತಿಗೆ ಗಣಿತ ಯಾರು, ಇಂಗ್ಲಿಷ್ ಯಾರಿಗೆ ಕೊಟ್ಟರೆ ಫಲಿತಾಂಶ ಏರೀತು ಎಂದು ಗಂಟೆಗಟ್ಟಲೆ ಚರ್ಚೆ. ಕಾಫಿ ಎರಡು ಸಲ ಬರುತ್ತದೆ. ಒಂದನೆಯ ತರಗತಿಯ ಸರದಿ ಬಂದಾಗ ಮಾತ್ರ ಎಲ್ಲರೂ ಎದ್ದು ಹೊರಡುವ ಹೊತ್ತು. "ಹೊಸದಾಗಿ ಬಂದಿದ್ದಾರಲ್ಲ, ಆ ಮೇಡಮ್ಮಿಗೇ ಇರಲಿ ಬಿಡಿ. ಅ ಆ ಇ ಈ ತಾನೆ?" ಅಲ್ಲಿಗೆ ಸಭೆ ಮುಗಿಯಿತು.

ನನ್ನ ಜಗಳವಿರುವುದು ಈ "ತಾನೆ" ಎಂಬ ಎರಡಕ್ಷರದ ಮೇಲೆ. ಅಕ್ಷರ ಕಲಿಸುವುದು ಯಾರಿಂದಲೂ ಆಗುವ ಕೆಲಸ, ಅದಕ್ಕೆ ವಿದ್ಯೆ ಬೇಡ, ತಾಳ್ಮೆಯಿದ್ದರೆ ಸಾಕು, ಆ ತಾಳ್ಮೆಯೂ ಹೆಂಗಸರಿಗೆ ಹುಟ್ಟಿನಿಂದಲೇ ಬಂದಿರುತ್ತದೆ ಎಂಬ ನಂಬಿಕೆಯೆಲ್ಲ ಅದರೊಳಗೆ ಅಡಗಿ ಕೂತಿದೆ. ಈ ನಂಬಿಕೆ ಸುಳ್ಳು. ಸುಳ್ಳಾಗಿದ್ದರೆ ಹೇಗೋ ಸಹಿಸಬಹುದಿತ್ತು. ಅದು ದುಬಾರಿಯೂ ಹೌದು, ಅದರ ಬೆಲೆ ತೆರುತ್ತಿರುವವರು ಮಕ್ಕಳು.

ಸರ್ಟಿಫಿಕೇಟು ಎಂದರೆ ನಮ್ಮ ಕಡೆಯ ಹೆಂಗಸರಿಗೆ ಹೊಸತೇನಲ್ಲ. ಮಧ್ಯಾಹ್ನ ಅಡುಗೆ ಕೆಲಸ ಮುಗಿಸಿ ಸೆರಗಿಗೆ ಕೈ ಒರೆಸಿಕೊಂಡು ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳಿಗೆ ಓದಿದವರು ನಮ್ಮಲ್ಲಿ ಎಷ್ಟಿಲ್ಲ? ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕದಿಂದ ಪ್ರವೀಣದವರೆಗೆ ಹತ್ತಿದವರೆಷ್ಟು? ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಇದೆ. ಟೈಪಿಂಗಿಗೆ ಇದೆ, ಶೀಘ್ರಲಿಪಿಗೆ ಇದೆ, ಹೊಲಿಗೆಗೆ ಇದೆ, ಹುಬ್ಬು ತಿದ್ದುವುದಕ್ಕೂ ಇದೆ. ಸ್ಕೂಟರ್ ಓಡಿಸಲು ಲೈಸೆನ್ಸ್ ಬೇಕು. ಆರು ವರ್ಷದ ಮಗುವನ್ನು ಮೊತ್ತಮೊದಲು ಪುಸ್ತಕದೊಳಕ್ಕೆ ಕರೆದುಕೊಂಡು ಹೋಗುವುದಕ್ಕೆ ಮಾತ್ರ ಕನ್ನಡದಲ್ಲಿ ಅಂಥದೊಂದು ವಿಶೇಷ ಅರ್ಹತೆ ಇಲ್ಲ. ಬೇಕು ಎಂದು ಕೇಳುವವರೂ ಕಡಿಮೆ.

ನಾನು ಬಿ.ಎ., ಬಿ.ಎಡ್. ಪ್ರೌಢಶಾಲೆಯಲ್ಲಿ ಕನ್ನಡ, ಸಮಾಜ ಪಾಠ ಮಾಡಿಕೊಂಡು ಬಂದವಳು. ಎಂಟನೆಯ ತರಗತಿಗೆ ಬರುವ ಮಕ್ಕಳಲ್ಲಿ ಪ್ರತಿ ವರ್ಷ ಕೆಲವರಾದರೂ ಓದಲು ಬಾರದವರಿರುತ್ತಾರೆ. ಅವರು ದಡ್ಡರಲ್ಲ. ಸಂತೆಯಲ್ಲಿ ಅಪ್ಪನ ತರಕಾರಿ ಅಂಗಡಿಯ ಲೆಕ್ಕ ಬಾಯಲ್ಲೇ ಹೇಳುತ್ತಾರೆ. ಸಿನಿಮಾ ಕಥೆಯನ್ನು ನಮಗಿಂತ ಚೆನ್ನಾಗಿ ಹೇಳುತ್ತಾರೆ. ಪಕ್ಕದವನು ಓದುವುದನ್ನು ಒಂದು ಸಲ ಕೇಳಿಸಿಕೊಂಡು, ತಮ್ಮ ಸರದಿ ಬಂದಾಗ ಪುಸ್ತಕದ ಮೇಲೆ ಕಣ್ಣಿಟ್ಟು ಅದನ್ನೇ ಗಿಣಿಪಾಠ ಒಪ್ಪಿಸುತ್ತಾರೆ. ಏಳು ವರ್ಷ ಹೀಗೆ ನಿಭಾಯಿಸಬೇಕಾದರೆ ಎಷ್ಟು ಬುದ್ಧಿ ಬೇಕು, ನೀವೇ ಯೋಚಿಸಿ! ಓದು ಕಲಿಯಲು ಅದರ ಕಾಲು ಭಾಗವೂ ಬೇಕಾಗಿರಲಿಲ್ಲ.

ಅಂಥವರಿಗೆ ಏನು ಮಾಡಬೇಕೆಂದು ನಮ್ಮ ಬಿ.ಎಡ್. ಹೇಳಿಕೊಟ್ಟಿತೆ? ಹರ್ಬಾರ್ಟನ ಪಂಚ ಸೋಪಾನ ಹೇಳಿಕೊಟ್ಟಿತು. ಬ್ಲೂಮನ ಉದ್ದೇಶಗಳನ್ನು ಹೇಳಿಕೊಟ್ಟಿತು. ಆದರ್ಶ ವಾಚನ, ಸಸ್ವರ ವಾಚನ, ಮೌನ ವಾಚನ ಎಂದು ಪಾಠ ಟಿಪ್ಪಣಿಯಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದು ಬರೆಸಿತು. ಅಕ್ಷರ ಪದ್ಧತಿ, ಪದ ಪದ್ಧತಿ, ವಾಕ್ಯ ಪದ್ಧತಿ ಎಂಬ ಮೂರು ಹೆಸರನ್ನು ಟಿಪ್ಪಣಿ ಬರೆಯಿರಿ ಎಂಬ ಪ್ರಶ್ನೆಗಾಗಿ ಕಲಿಸಿತು. ಇವೆಲ್ಲದರ ಹಿಂದೆ ಒಂದು ಊಹೆಯಿತ್ತು: ಮಗುವಿಗೆ ಓದಲು ಬರುತ್ತದೆ, ನೀವು ಪಾಠ ಮಾಡಿದರಾಯಿತು ಎಂಬುದು. 2014ರ ನಿಯಮಗಳ ನಂತರ ಬಿ.ಎಡ್. ಎರಡು ವರ್ಷದ್ದಾಯಿತು. ಪಠ್ಯಗಳನ್ನು ಓದಿ ಚಿಂತಿಸುವುದು ಎಂಬ ಒಂದು ಭಾಗವೂ ಸೇರಿತು. ಒಳ್ಳೆಯದೇ. ಆದರೆ ಅದು ಟೀಚರಾಗುವವರ ಸ್ವಂತ ಓದಿಗೆ ಸಂಬಂಧಪಟ್ಟದ್ದು, ಓದು ಬಾರದ ಮಗುವಿಗೆ ಓದು ಕಲಿಸುವುದಕ್ಕಲ್ಲ.

2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಬಿ.ಎಡ್. ಮಾಡಿದವರು ಒಂದರಿಂದ ಐದನೆಯ ತರಗತಿಯ ಶಿಕ್ಷಕರಾಗಲು ಅರ್ಹರಲ್ಲ, ಅದಕ್ಕೆ ಡಿ.ಇಎಲ್.ಇಡಿ. ತರಬೇತಿಯೇ ಬೇಕು ಎಂದು ಹೇಳಿತು. ಸ್ಟಾಫ್ ರೂಮುಗಳಲ್ಲಿ ಅನೇಕರಿಗೆ ಬೇಸರವಾಯಿತು. "ನಾವು ಹೆಚ್ಚು ಓದಿದವರು, ಕಡಿಮೆ ತರಗತಿಗೆ ಯೋಗ್ಯರಲ್ಲವೇ?" ಎಂಬ ಪ್ರಶ್ನೆ. ನನಗೆ ಬೇಸರವಾಗಲಿಲ್ಲ. ಚಿಕ್ಕ ಮಕ್ಕಳಿಗೆ ಕಲಿಸುವುದೇ ಒಂದು ಪ್ರತ್ಯೇಕ ವಿದ್ಯೆ ಎಂದು ಈ ದೇಶದ ಅತಿ ದೊಡ್ಡ ನ್ಯಾಯಾಲಯವೇ ಹೇಳಿದಂತಾಯಿತಲ್ಲ! ಆದರೆ ಅದು ಅರ್ಧ ದಾರಿ. ನಾವು ಹಿಂದೆ ಟಿ.ಸಿ.ಎಚ್. ಎನ್ನುತ್ತಿದ್ದುದು ಆಮೇಲೆ ಡಿ.ಎಡ್. ಆಯಿತು, ಈಗ ಡಿ.ಇಎಲ್.ಇಡಿ. ಅದರಲ್ಲೂ ಓದು ಕಲಿಸುವುದು ಭಾಷಾ ಬೋಧನೆಯ ಒಂದು ಅಂಗ. ಎಂ.ಬಿ.ಬಿ.ಎಸ್.ನಲ್ಲಿ ಕಣ್ಣಿನ ಪಾಠವೂ ಇರುತ್ತದೆ, ಹಾಗೆಂದು ಪೊರೆ ತೆಗೆಸಲು ನಾವು ಸಿಕ್ಕಿದ ಡಾಕ್ಟರ ಬಳಿ ಹೋಗುತ್ತೇವೆಯೆ? ಕಣ್ಣಿನ ಡಾಕ್ಟರನ್ನೇ ಹುಡುಕುತ್ತೇವೆ. ಓದು ಬಾರದ ಮಗುವಿಗೂ ಹಾಗೆ ಹುಡುಕಿ ಹೋಗಲು ಒಬ್ಬರಿರಬೇಕು.

ಇಲ್ಲಿ ನೀವು ತಡೆದು ಹೇಳುತ್ತೀರಿ, ನನಗೆ ಗೊತ್ತು: "ಟೀಚರೇ, ಇಂಗ್ಲಿಷಿನ ಕಥೆ ಬೇರೆ. ನಮ್ಮ ಕನ್ನಡ ಹೇಳಿದಂತೆ ಬರೆಯುವ, ಬರೆದಂತೆ ಓದುವ ಭಾಷೆ. ಅಕ್ಷರ ಬಂದರೆ ಓದು ಬಂದಂತೆ. ಇದಕ್ಕೆಲ್ಲ ಸ್ಪೆಷಲಿಸ್ಟು ಯಾಕೆ?"

ಸರಿ, ಲೆಕ್ಕ ಹಾಕೋಣ. ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಇಂಗ್ಲಿಷಿನ ಮಗುವಿಗೆ 26. ನಮ್ಮ ಮಗುವಿನ ಕಷ್ಟ ನಲವತ್ತೊಂಬತ್ತಕ್ಕೆ ಮುಗಿಯುವುದಿಲ್ಲ. 34 ವ್ಯಂಜನಗಳನ್ನು 13 ಸ್ವರಗಳಿಂದ ಗುಣಿಸಿದರೆ 442 ರೂಪ. ಅದರ ಮೇಲೆ ಒತ್ತಕ್ಷರ. ನಮಗೆ ನಾಲಗೆಯ ತುದಿಯಲ್ಲಿರುವ ಕಾಗುಣಿತ ಆರು ವರ್ಷದ ಕಣ್ಣಿಗೆ ಹೇಗೆ ಕಾಣುತ್ತದೆ? ದೀರ್ಘ ಒಂದು ಕಡೆ ಅಂಟಿಕೊಳ್ಳುತ್ತದೆ, ಗುಡಿಸು ತಲೆಯ ಮೇಲೆ ಕೂರುತ್ತದೆ, ಒತ್ತು ಕಾಲ ಕೆಳಗೆ ಇಳಿಯುತ್ತದೆ. "ಕಾರ್ಯ", "ಸೂರ್ಯ" ಬರೆಯುವಾಗ ಬಾಯಲ್ಲಿ ರಕಾರ ಮೊದಲು ಬರುತ್ತದೆ, ಹಾಳೆಯ ಮೇಲೆ ಅರ್ಕಾವತ್ತು ಆಮೇಲೆ ಬರುತ್ತದೆ. ಎಲ್ಲಿ ಹೋಯಿತು ಸ್ವಾಮಿ, ಬರೆದಂತೆ ಓದುವುದು? "ವು" ಬರೆದರೆ "ಮ"ದ ನೆಂಟನಂತೆ ಕಾಣುತ್ತದೆ. "ದ"ಕ್ಕೂ "ಧ"ಕ್ಕೂ ಒಂದು ಸಣ್ಣ ಗೀಟಿನ ವ್ಯತ್ಯಾಸ, ಅನೇಕ ಮನೆಗಳ ಮಾತಿನಲ್ಲಿ ಅಷ್ಟೂ ಇಲ್ಲ.

ಬೆಂಗಳೂರಿನಲ್ಲಿ ಕೆಲಸ ಮಾಡಿದ ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಅಕ್ಷರಗಳು ಬೇಗ ಮುಗಿದುಹೋಗುತ್ತವೆ, ಕನ್ನಡದ ಅಕ್ಷರಗಳ ಮೇಲೆ ಹಿಡಿತ ಬರಲು ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುತ್ತದೆ ಎಂಬುದು ಅದರಿಂದ ತಿಳಿದ ಮುಖ್ಯ ಸಂಗತಿ. ಅಂದರೆ ಎರಡನೆಯ ತರಗತಿಗೆ ಅಕ್ಷರ ಮುಗಿಯಿತೆಂದು ಕೈ ತೊಳೆದುಕೊಳ್ಳುವ ನಮ್ಮ ಪದ್ಧತಿ ಇದೆಯಲ್ಲ, ಅದು ಅನ್ನ ಅರ್ಧ ಬೆಂದಾಗಲೇ ಒಲೆ ಆರಿಸಿದಂತೆ.

ಅಕ್ಷರಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕೆಂಬುದರಲ್ಲೂ ವಿದ್ಯೆಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿಬಂದ ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳು, ಟೀಚರುಗಳೇ ಅದಕ್ಕೆ ಕಾರ್ಡು, ಹಾಡು, ಆಟ ಕಟ್ಟಿದರು. ಅಲ್ಲಿ ಮೊದಲು ಬರುವುದು ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಯಾಕೆ? ಬರೆಯಲು ಸುಲಭ, ಐದೇ ಅಕ್ಷರ ಬಂದ ಕೂಡಲೇ ಮಗು "ಸರ", "ಅರಸ", "ಗರಗಸ" ಎಂದು ಪದ ಓದಿಬಿಡುತ್ತದೆ. 49 ಅಕ್ಷರ ಉರುಹೊಡೆದು ಮುಗಿಸುವವರೆಗೆ ಕಾಯಬೇಕಾಗಿಲ್ಲ. ಎಂಥ ಸರಳವಾದ, ಎಂಥ ಜಾಣ ಯೋಚನೆ! ಇದು ತಾಳ್ಮೆಯಿಂದ ಹುಟ್ಟಿದ್ದಲ್ಲ, ಮಗುವಿನ ಕೈಯನ್ನೂ ಕಣ್ಣನ್ನೂ ಬಲ್ಲವರ ತಿಳಿವಳಿಕೆಯಿಂದ ಹುಟ್ಟಿದ್ದು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಕಾರ್ಡುಗಳು ಹರಡಿದವು ಎನ್ನೋಣ. ಆ ಕಾರ್ಡು ಯಾಕೆ ಹಾಗಿದೆ ಎಂಬ ತಿಳಿವಳಿಕೆ ಅಷ್ಟೇ ವೇಗದಲ್ಲಿ ಹರಡಲು ಅದೇನು ಮುದ್ರಣವಾಗಿ ಲಾರಿಯಲ್ಲಿ ಬರುವ ವಸ್ತುವೇ?

ಇನ್ನು ಅಕ್ಷರ ಬಂದರೆ ಓದು ಬಂದಂತೆ ಎಂಬ ಮಾತು. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ತೆಲುಗು ಆಡುವ ಮಗುವಿಗೆ ಪುಸ್ತಕದ ಕನ್ನಡ ಎರಡನೆಯ ಭಾಷೆ. ಕನ್ನಡವೇ ಆಡುವ ಮಗುವಿಗೂ ಊರಿನ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. "ವರ್ಷಧಾರೆ" ಎಂದು ತಪ್ಪಿಲ್ಲದೆ ಓದಿದ ಹುಡುಗಿಯನ್ನು ಹಾಗೆಂದರೇನು ಎಂದು ಕೇಳಿದರೆ, ಹನ್ನೆರಡು ತಿಂಗಳಿಗೆ ಒಂದು ವರ್ಷ ಎನ್ನುತ್ತಾಳೆ. ಯಾದಗಿರಿ ಜಿಲ್ಲೆಯಲ್ಲೂ ಮಹಾರಾಷ್ಟ್ರದ ವಾಡಾ ತಾಲ್ಲೂಕಿನಲ್ಲೂ ಮಕ್ಕಳು ಓದು ಬರಹ ಕಲಿಯುವುದನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಶೈಲಜಾ ಮೆನನ್ ಮತ್ತು ಸಂಗಡಿಗರ ವರದಿ 2017ರಲ್ಲಿ ಬಂತು. ತರಗತಿಗಳಲ್ಲಿ ಅಕ್ಷರದ ಅಭ್ಯಾಸ ಬೇಕಾದಷ್ಟಿತ್ತು, ಅರ್ಥದ ಮಾತುಕತೆ ಕಡಿಮೆಯಿತ್ತು ಎಂಬುದು ಅವರು ಕಂಡ ಸಂಗತಿಗಳಲ್ಲೊಂದು. ನಾವು ಮಗುವಿಗೆ ಬೀಗ ತೆಗೆಯಲು ಕಲಿಸುತ್ತೇವೆ, ಮನೆಯೊಳಕ್ಕೆ ಕರೆಯುವುದಿಲ್ಲ.

ಇದೆಲ್ಲ ಸರ್ಕಾರಕ್ಕೆ ಗೊತ್ತಿಲ್ಲವೆ? ಗೊತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 5 ಕೋಟಿಗೂ ಹೆಚ್ಚು ಮಕ್ಕಳಿಗೆ ಬುನಾದಿಯ ಓದು ಬರಹ, ಲೆಕ್ಕ ಬಂದಿಲ್ಲವೆಂದು ಅಂದಾಜು ಮಾಡಿತು. 2021ರ ಜುಲೈ 5ರಂದು ನಿಪುಣ್ ಭಾರತ್ ಆರಂಭವಾಯಿತು. 2026-27ರೊಳಗೆ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದಿ ಅರ್ಥಮಾಡಿಕೊಳ್ಳಲು ಬರಬೇಕೆಂಬುದು ಅದರ ಗುರಿ. ಅಸರ್ ವರದಿಯ ಪ್ರಕಾರ ದೇಶದ ಹಳ್ಳಿಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇಕಡಾ 27.3, ಕೊರೋನಾ ನಂತರ 2022ರಲ್ಲಿ 20.5, 2024ರಲ್ಲಿ ಮತ್ತೆ 27.1. ಬಿದ್ದವರು ಎದ್ದೆವು, ಸಂತೋಷ. ಆದರೆ ಎದ್ದು ನಿಂತ ಮೇಲೂ ನಾಲ್ವರಲ್ಲಿ ಒಬ್ಬ ಮಗು ಮಾತ್ರ ಓದುತ್ತದೆಂದರೆ, ಉಳಿದ ಮೂವರ ಬುದ್ಧಿಯನ್ನು ಅನುಮಾನಿಸುವುದೋ ನಮ್ಮ ಏರ್ಪಾಡನ್ನು ಅನುಮಾನಿಸುವುದೋ?

ಗುರಿಯನ್ನೇನೋ ದೊಡ್ಡದಾಗಿ ಕೊಟ್ಟರು. ಅದನ್ನು ಮುಟ್ಟಬೇಕಾದ ಟೀಚರಿಗೆ ಕೊಟ್ಟದ್ದೇನು? ಮೊಬೈಲಿನಲ್ಲಿ ನೋಡುವ ತರಬೇತಿ. ನಿಷ್ಠಾ ಎಂಬ ಹೆಸರಿನಲ್ಲಿ ಇದಕ್ಕಾಗಿಯೇ 12 ಪಾಠಗಳು ಬಂದವು. ಅವುಗಳಲ್ಲಿ ಒಳ್ಳೆಯ ವಿಷಯಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಈಜುವುದನ್ನು ವೀಡಿಯೊ ನೋಡಿ ಕಲಿತವರುಂಟೆ? ರಾತ್ರಿ ಎಂಟು ಗಂಟೆಗೆ ಒಂದು ಕಡೆ ವೀಡಿಯೊ ಓಡುತ್ತಿರುತ್ತದೆ, ಇನ್ನೊಂದು ಕಡೆ ಸಾರಿಗೆ ಒಗ್ಗರಣೆ ಸಿಡಿಯುತ್ತಿರುತ್ತದೆ. ಕೊನೆಗೆ ಪ್ರಶ್ನೆಗಳಿಗೆ ಗುರುತು ಹಾಕಿದರೆ ಸರ್ಟಿಫಿಕೇಟು ತಾನಾಗಿ ಇಳಿಯುತ್ತದೆ. ನಾನು ಟೀಚರುಗಳನ್ನು ದೂರುತ್ತಿಲ್ಲ. ಹಗಲೆಲ್ಲ ಹಾಲು, ಮೊಟ್ಟೆ, ಬಾಳೆಹಣ್ಣಿನ ಲೆಕ್ಕ ಬರೆದು, ಆಧಾರ್ ತಿದ್ದಿಸಿ, ಮಾಹಿತಿ ತುಂಬಿ ಬಂದವಳಿಗೆ ಅದು ಹದಿಮೂರನೆಯ ಕೆಲಸ. ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆನ್ನುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರಲ್ಲಿ ಹೆಚ್ಚಿನವರು ನಾವೇ. ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡವೆಂದಲ್ಲ. ಪಾಠ ಯಾವಾಗ ಬೇಕಾದರೂ ಕಾಯಬಹುದು ಎಂಬ ಧೋರಣೆ ಬೇಡ.

ಸರ್ಕಾರದ್ದು ಹೀಗಾದರೆ ಖಾಸಗಿಯವರದು ಇನ್ನೊಂದು ವ್ಯಾಪಾರ. ನಮ್ಮಂಥ ಪಟ್ಟಣಗಳಲ್ಲಿ ಈಗ ಫೋನಿಕ್ಸ್ ಟೀಚರ್ ಕೋರ್ಸುಗಳ ಬೋರ್ಡು ಇಲ್ಲದ ರಸ್ತೆ ಕಡಿಮೆ. ಕೆಲವೇ ದಿನಗಳ ಕ್ಲಾಸು, ಕೈ ತುಂಬ ಫೀಸು, ಚಿನ್ನದ ಬಣ್ಣದ ಅಂಚಿನ ಸರ್ಟಿಫಿಕೇಟು. ಮಕ್ಕಳು ಸ್ವಲ್ಪ ದೊಡ್ಡವರಾಗಿ, ಏನಾದರೂ ಮಾಡಬೇಕೆಂದು ತವಕಿಸುವ ನಮ್ಮ ಓದಿದ ಹೆಣ್ಣುಮಕ್ಕಳೇ ಇದರ ಗಿರಾಕಿಗಳು. ಅದನ್ನು ಹಿಡಿದು ನರ್ಸರಿ ಶಾಲೆಗೆ ಹೋದರೆ ಸಿಗುವ ಸಂಬಳ ಆಟೋ ಖರ್ಚು ಕಳೆದು ಎಷ್ಟು ಉಳಿಯುತ್ತದೆಂದು ಅವರನ್ನೇ ಕೇಳಿ. ಇಂಗ್ಲಿಷಿನ ಧ್ವನಿಗಳನ್ನು ಒಂದೊಂದಾಗಿ ಕಲಿಸುವ ಪದ್ಧತಿ ಇಂಗ್ಲಿಷಿಗೆ ಒಳ್ಳೆಯದೇ. ಆದರೆ "ಕ" ಎಂಬ ನಮ್ಮ ಅಕ್ಷರದೊಳಗೆ ಆಗಲೇ ಒಂದು ಸ್ವರ ಕೂತಿದೆ. ಅದೇ ಅಚ್ಚಿನಲ್ಲಿ ಕನ್ನಡವನ್ನು ಹೊಯ್ದರೆ ಬೀಸುವ ಕಲ್ಲಿನಲ್ಲಿ ದೋಸೆಹಿಟ್ಟು ರುಬ್ಬಿದಂತಾಗುತ್ತದೆ.

ನಾನೂ ಒಂದು ಕೋರ್ಸು ಮಾಡಿದೆ, ಐವತ್ತು ದಾಟಿದ ಮೇಲೆ. ಓದು ಕಲಿಸುವ ಬಗ್ಗೆಯೇ ಇದ್ದ, ದೂರಶಿಕ್ಷಣದ, ಸುಮಾರು ಹತ್ತು ತಿಂಗಳ ಸರ್ಟಿಫಿಕೇಟು ಕೋರ್ಸು. ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಾಗ ನಮ್ಮತ್ತೆ, "ಈ ವಯಸ್ಸಿನಲ್ಲಿ ನಿನಗೆ ಓದೋದು ಕಲಿಸ್ತಾರೇನೇ?" ಎಂದು ನಕ್ಕರು. ಆದರೆ ಆ ಹತ್ತು ತಿಂಗಳು ಮಧ್ಯಾಹ್ನದ ಕಾಫಿ ಮಾಡಿಕೊಟ್ಟವರೂ ಅವರೇ. ಪಾಠಗಳೆಲ್ಲ ಇಂಗ್ಲಿಷಿನಲ್ಲಿ, ಉದಾಹರಣೆಗಳೂ ಇಂಗ್ಲಿಷಿನವು. ಬ್ಯಾಟು, ಕ್ಯಾಟು, ಮ್ಯಾಟು ಇದ್ದಲ್ಲೆಲ್ಲ ಮರ, ಸರ, ದರ ಹಾಕಿಕೊಂಡು ನನ್ನ ಕನ್ನಡವನ್ನು ನಾನೇ ಹೊಂದಿಸಿಕೊಳ್ಳಬೇಕಾಯಿತು.

ಅದರಲ್ಲಿ ನಿಜವಾಗಿ ಕಲಿಸಿದ್ದು ಪುಸ್ತಕವಲ್ಲ, ಒಂದು ಕಡ್ಡಾಯ ಕೆಲಸ. ಇಬ್ಬರು ಮಕ್ಕಳನ್ನು ತೆಗೆದುಕೊಂಡು, ಅವರು ಓದುವಾಗ ಎಲ್ಲಿ ಎಡವುತ್ತಾರೆಂದು ವಾರವಾರ ಬರೆದಿಡಬೇಕಿತ್ತು. ಓದು ಬಾರದು ಎಂಬ ಒಂದೇ ಮಾತಿನಲ್ಲಿ ನಾವು ಸೇರಿಸಿಬಿಡುವುದರಲ್ಲಿ ಕಡಿಮೆಯೆಂದರೆ ಮೂರು ಬಗೆಯಿವೆ. "ಅಕ್ಕ" ಎಂಬುದನ್ನು "ಅಕ" ಎಂದು ಓದುವ ಮಗುವಿಗೆ ಒತ್ತಕ್ಷರದ ಪಾಠ ಬೇಕು. ಒಂದೊಂದೇ ಅಕ್ಷರ ಕೂಡಿಸಿ ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಸಾಲಿನ ಮೊದಲು ಮರೆತುಹೋಗುವ ಮಗುವಿಗೆ ಹೊಸ ಅಕ್ಷರ ಬೇಡ, ಗೊತ್ತಿರುವ ಸುಲಭ ಪುಸ್ತಕಗಳನ್ನೇ ಮತ್ತೆ ಮತ್ತೆ ಓದಿ ವೇಗ ಬರಬೇಕು. ಸರಾಗವಾಗಿ ಓದಿ ಅರ್ಥ ಹೇಳಲಾರದ ಮಗುವಿಗೆ ಮಾತು ಬೇಕು, ಕಥೆ ಬೇಕು, ಪದಗಳು ಬೇಕು. ಮೂವರಿಗೂ ಒಂದೇ ಕಾಪಿ ಬರೆಸುವುದೆಂದರೆ ಜ್ವರಕ್ಕೂ, ಮೂಳೆ ಮುರಿತಕ್ಕೂ, ಹಲ್ಲುನೋವಿಗೂ ಒಂದೇ ಮಾತ್ರೆ ಕೊಟ್ಟಂತೆ. ಈ ಬೇರ್ಪಡಿಸುವ ಕಣ್ಣೇ ಆ ಅರ್ಹತೆಯ ತಿರುಳು. ಅದು ತಾಯ್ತನದಿಂದ ಬರುವುದಿಲ್ಲ, ಕಲಿತರೆ ಬರುತ್ತದೆ.

ಕೋರ್ಸು ಮುಗಿದ ಮೇಲೆ ಸರ್ಟಿಫಿಕೇಟನ್ನು ಸೇವಾ ಪುಸ್ತಕದಲ್ಲಿ ನಮೂದಿಸಲು ಕಚೇರಿಗೆ ಹೋದೆ. ಗುಮಾಸ್ತರು ಒಳ್ಳೆಯವರು, ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದಕ್ಕೆ ಕಾಲಮ್ಮೇ ಇಲ್ವಲ್ಲ ಮೇಡಂ" ಎಂದರು. ಲೆಕ್ಕಪತ್ರದ ಇಲಾಖಾ ಪರೀಕ್ಷೆ ಪಾಸಾದರೆ ಕಾಲಮ್ಮಿದೆ. ಓದು ಕಲಿಸಲು ಕಲಿತರೆ ಇಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೇನು ಮಾಡಿಯಾರು? ಆದರೆ ಒಂದು ಇಲಾಖೆಗೆ ಏನು ಮುಖ್ಯ ಎಂದು ತಿಳಿಯಬೇಕಾದರೆ ಅದರ ಭಾಷಣ ಕೇಳಬೇಕಾಗಿಲ್ಲ, ಅದರ ಫಾರಂ ನೋಡಿದರೆ ಸಾಕು.

ಹೊರಗೆ ಹೇಗಿದೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟೀಚರಾಗಿ ಮೂರು ವರ್ಷ ಪಾಠ ಮಾಡಿದವರು ಓದು ಮತ್ತು ಸಾಕ್ಷರತೆಯ ಹೆಚ್ಚುವರಿ ಅರ್ಹತೆ ಪಡೆಯಬಹುದು. ಅದರ ಮೇಲೆ ವಿಶೇಷಜ್ಞರ ಅರ್ಹತೆ ಎಂಬ ಇನ್ನೊಂದು ಮೆಟ್ಟಿಲೂ ಇದೆ. ಅಂಥವರು ಶಾಲೆಯ ಉಳಿದ ಟೀಚರುಗಳಿಗೆ ದಾರಿ ತೋರಿಸುತ್ತಾರೆ. ಹಾಗೆಂದು ಅಲ್ಲಿಂದ ಕಟ್ಟಿ ತಂದು ಇಲ್ಲಿ ಬಿಚ್ಚಿದರಾಯಿತು ಎಂದು ನಾನು ಹೇಳುವುದಿಲ್ಲ. ಅಲ್ಲಿಯೂ ಅನೇಕ ವರ್ಷ ಮಕ್ಕಳಿಗೆ ಚಿತ್ರ ನೋಡಿ, ಸಂದರ್ಭ ನೋಡಿ ಪದ ಊಹಿಸಿ ಎಂದು ಕಲಿಸಿದರು, ಟೀಚರುಗಳಿಗೆ ಅದರಲ್ಲೇ ತರಬೇತಿಯನ್ನೂ ಕೊಟ್ಟರು. 2000ದಲ್ಲಿ ರಾಷ್ಟ್ರೀಯ ಓದು ಸಮಿತಿಯೊಂದರ ವರದಿ ಬಂದು ಅಕ್ಷರ ಧ್ವನಿಗಳನ್ನು ಕ್ರಮವಾಗಿ ಕಲಿಸಬೇಕೆಂದು ಹೇಳಿದ ಮೇಲೂ ಹಳೆಯ ಅಭ್ಯಾಸ ಸುಲಭವಾಗಿ ಬಿಡಲಿಲ್ಲ. ಸರ್ಟಿಫಿಕೇಟಿನ ಒಳಗೆ ಕಲಿಸುವುದು ಸರಿಯಿಲ್ಲದಿದ್ದರೆ ಅದು ತಪ್ಪಿಗೆ ಹಾಕಿದ ಚೌಕಟ್ಟು ಅಷ್ಟೆ.

ಅದೇ ದೇಶದ ಬಡ ರಾಜ್ಯಗಳಲ್ಲಿ ಒಂದಾದ ಮಿಸಿಸಿಪ್ಪಿ 2013ರಲ್ಲಿ ಒಂದು ಕಾಯಿದೆ ಮಾಡಿತು. ಟೀಚರುಗಳಿಗೆ ಓದು ಕಲಿಸುವುದರಲ್ಲಿ ಆಳವಾದ ತರಬೇತಿ ಕೊಟ್ಟಿತು, ಹಿಂದೆ ಬಿದ್ದ ಶಾಲೆಗಳಿಗೆ ಓದಿನ ತರಬೇತುದಾರರನ್ನು ಕಳಿಸಿತು. ಮೂರನೆಯ ತರಗತಿಯಲ್ಲಿ ಓದು ಬಾರದವರನ್ನು ಅಲ್ಲೇ ಉಳಿಸಿಕೊಳ್ಳುವ, ನನಗೆ ಪೂರ್ತಿ ಒಪ್ಪಿಗೆಯಿಲ್ಲದ ನಿಯಮವೂ ಅದರಲ್ಲಿತ್ತು. ಹಿಂದುಳಿದಿದ್ದ ಆ ರಾಜ್ಯದ ನಾಲ್ಕನೆಯ ತರಗತಿಯ ಮಕ್ಕಳು 2019ರಲ್ಲಿ ಓದಿನಲ್ಲಿ ರಾಷ್ಟ್ರದ ಸರಾಸರಿಗೆ ಸಮನಾದರು. ಬಡತನವಿದ್ದರೂ ಮಕ್ಕಳು ಓದಬಲ್ಲರು, ಕಲಿಸುವವರಿಗೆ ಕಲಿಸಿದರೆ.

ಹಾಗಾದರೆ ನಮಗೆ ಬೇಕಾದ್ದೇನು? ಕನ್ನಡದಲ್ಲೇ, ಕನ್ನಡ ಲಿಪಿಯನ್ನೇ ಕುರಿತ ಒಂದು ವರ್ಷದ ವಿಶೇಷ ಅರ್ಹತೆ. ಜಿಲ್ಲೆಗೊಂದರಂತೆ ಡಯಟ್ ಸಂಸ್ಥೆಗಳಿವೆ, ಮೈಸೂರಿನಲ್ಲಿ ಭಾರತೀಯ ಭಾಷೆಗಳ ಸಂಸ್ಥಾನವಿದೆ, ವಾಕ್ ಶ್ರವಣ ಸಂಸ್ಥೆಯಿದೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಹೈದರಾಬಾದ್ ಕೇಂದ್ರ ಎಳೆಯರ ಭಾಷೆ, ಸಾಕ್ಷರತೆಗೆಂದೇ ಸರ್ಟಿಫಿಕೇಟು ಕೋರ್ಸು ನಡೆಸಿ ದಾರಿ ತೋರಿಸಿದೆ. ಬಲ್ಲವರಿಗೆ ಕೊರತೆಯಿಲ್ಲ. ಅರ್ಧ ಅಂಕ ಪುಸ್ತಕಕ್ಕಾದರೆ ಅರ್ಧ ಅಂಕ ನಿಜವಾದ ಮಕ್ಕಳ ಜೊತೆ ಮಾಡಿದ ಕೆಲಸಕ್ಕಿರಲಿ, ಅದನ್ನು ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ನೋಡಲಿ. ಅದನ್ನು ಪಡೆದವರಿಗೆ ಒಂದು ವೇತನ ಬಡ್ತಿ ಕೊಡಿ. ಅವರನ್ನು ಮೇಲಿನ ತರಗತಿಗೆ ತಳ್ಳದೆ ಐದು ವರ್ಷವಾದರೂ ಒಂದು, ಎರಡು, ಮೂರನೆಯ ತರಗತಿಗಳಲ್ಲೇ ಗೌರವದಿಂದ ಇರಲು ಬಿಡಿ. ಪ್ರೌಢಶಾಲೆಗೂ ಅಂಥ ಒಬ್ಬರನ್ನು ಕೊಡಿ. ಎಂಟನೆಯ ತರಗತಿಯಲ್ಲಿ ಓದು ಬಾರದ ಮಗುವಿಗೆ ಉಳಿದಿರುವುದು ಮೂರೇ ವರ್ಷ. ಆಮೇಲೆ ಆ ಹುಡುಗ ಗ್ಯಾರೇಜಿಗೆ, ಆ ಹುಡುಗಿ ಮದುವೆಗೆ.

"ಇನ್ನೊಂದು ಪರೀಕ್ಷೆಯೆ? ಇನ್ನೊಂದು ಹೊರೆಯೆ?" ಎಂದು ನನ್ನ ಸಹೋದ್ಯೋಗಿ ಅಕ್ಕತಂಗಿಯರೇ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅದಕ್ಕೇ ಹೇಳುತ್ತೇನೆ: ಇದು ಎಲ್ಲರಿಗೂ ಕಡ್ಡಾಯವಾಗಬೇಕಾಗಿಲ್ಲ, ಇಷ್ಟಪಟ್ಟವರಿಗೆ ಸಂಬಳ ಸಹಿತ ರಜೆ ಕೊಟ್ಟು ಓದಿಸಲಿ. ಅಡುಗೆಮನೆಗೂ ಶಾಲೆಗೂ ನಡುವೆ ಕದ್ದ ಗಂಟೆಗಳಲ್ಲಿ ಮಾಡಬೇಕಾದ ಕೋರ್ಸು ಇದಾಗಬಾರದು.

"ನಮ್ಮಜ್ಜಿ ಮರಳ ಮೇಲೆ ಬೆರಳು ಹಿಡಿದು ತಿದ್ದಿಸಿ ಕಲಿಸಲಿಲ್ಲವೆ? ಅವರಾವ ಡಿಪ್ಲೊಮಾ ಮಾಡಿದ್ದರು?" ಎಂಬುದು ಇನ್ನೊಂದು ಪ್ರಶ್ನೆ. ಅಜ್ಜಿಯನ್ನು ನಾನೂ ನೆನೆಯುತ್ತೇನೆ. ಆದರೆ ಅಜ್ಜಿಯ ತೊಡೆಯ ಮೇಲಿದ್ದುದು ಒಂದು ಮೊಮ್ಮಗು. ರಾತ್ರಿ ಕಥೆ, ಬೆಳಗ್ಗೆ ಹಾಡು, ಇಡೀ ದಿನ ಮಾತು. ಟೀಚರ ಮುಂದಿರುವುದು ಕಾಯಿದೆಯ ಲೆಕ್ಕದಲ್ಲೇ 30 ಮಕ್ಕಳು, ನಲಿ-ಕಲಿಯಲ್ಲಾದರೆ ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ. ಇನ್ನೊಂದು ಮಾತು, ಮರಳ ಮೇಲೆ ತಿದ್ದಿಸುವ ಅಜ್ಜಿ ಎಲ್ಲರ ಮನೆಯಲ್ಲೂ ಇರಲಿಲ್ಲ. ಎಷ್ಟೋ ಮನೆಗಳ ಅಜ್ಜಿಯರಿಗೆ ಅಕ್ಷರವನ್ನೇ ಯಾರೂ ಕೊಟ್ಟಿರಲಿಲ್ಲ. 2011ರ ಜನಗಣತಿಯಲ್ಲೂ ಕರ್ನಾಟಕದ ಹೆಂಗಸರಲ್ಲಿ ಸಾಕ್ಷರರು ಶೇಕಡಾ 68.08. ಆ ಉಳಿದವರ ಮೊಮ್ಮಕ್ಕಳಿಗಾಗಿಯೇ ಶಾಲೆ ಇರುವುದು.

ನನಗನ್ನಿಸುವುದು ಇಷ್ಟು. ಈ ವಿದ್ಯೆಗೆ ಬೆಲೆ ಬಾರದಿರಲು ಇದು ಸುಲಭವೆಂಬುದು ಕಾರಣವಲ್ಲ. ಇದು ಚಿಕ್ಕ ಮಕ್ಕಳ ಕೆಲಸ, ಚಿಕ್ಕ ಮಕ್ಕಳ ಕೆಲಸ ಹೆಂಗಸರ ಕೆಲಸ, ಹೆಂಗಸರ ಕೆಲಸಕ್ಕೆ ವಿದ್ಯೆಯೆಂಬ ಹೆಸರಿಲ್ಲ. ಹೆರಿಗೆ ಮಾಡಿಸಿದವಳು ಸೂಲಗಿತ್ತಿ, ಅದನ್ನೇ ಓದಿ ಮಾಡಿದವರು ಡಾಕ್ಟರು. ಮನೆಯಲ್ಲಿ ಅಡುಗೆ ಮಾಡಿದರೆ ಕರ್ತವ್ಯ, ಮದುವೆ ಮಂಟಪದಲ್ಲಿ ಮಾಡಿದರೆ ಕಂಟ್ರಾಕ್ಟು. ನಾವು ಇಷ್ಟು ದಿನ "ಅಕ್ಕರೆಯ ಟೀಚರಮ್ಮ" ಎಂಬ ಹೊಗಳಿಕೆಯಲ್ಲಿ ತೃಪ್ತರಾದೆವು. ಅಕ್ಕರೆ ಇರಲಿ. ಅದರ ಜೊತೆಗೆ ಅರ್ಹತೆಯೂ, ಅರ್ಹತೆಗೆ ತಕ್ಕ ಸಂಬಳವೂ ಇರಲಿ ಎಂದು ಕೇಳಲು ನಾಚಿಕೆ ಯಾಕೆ?

ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಅರ್ಧದಷ್ಟು ಮಂದಿ ಹೆಂಗಸರಿರಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ. ಖಾಸಗಿ ಶಾಲೆಯಾದರೆ ತಾಯಂದಿರ ಸಭೆಯಾದರೂ ಇರುತ್ತದೆ. ಅಲ್ಲಿ ಕಾಂಪೌಂಡು, ಸಮವಸ್ತ್ರ, ವಾರ್ಷಿಕೋತ್ಸವದ ಡಾನ್ಸಿನ ಮಾತು ಮುಗಿದ ಮೇಲೆ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ನಮ್ಮ ಒಂದನೆಯ ತರಗತಿಗೆ ಓದು ಕಲಿಸುವವರು ಯಾರು? ಅದನ್ನು ಕಲಿಸಲು ಅವರಿಗೆ ನೀವು ಏನು ಕಲಿಸಿದ್ದೀರಿ? ಅವರಿಗೆ ಎಷ್ಟು ಸಂಬಳ ಕೊಡುತ್ತೀರಿ? ಮೊದಲ ಸಲ ಉತ್ತರ ಬರುವುದಿಲ್ಲ. ಮುಂದಿನ ಸಭೆಯಲ್ಲೂ ಕೇಳಿ. ಪಕ್ಕದ ಮನೆಯಾಕೆಯನ್ನೂ ಕರೆದುಕೊಂಡು ಹೋಗಿ ಕೇಳಿ.